ಹೆಬ್ಬೆರಳು ಉಳುಕಿದ ವರ್ಷ

ಮದುವೆಯಾಗಿ ಮೂರ್ನಾಲ್ಕು ತಿಂಗಳಾದರೂ ನಾನು ನನ್ನ ಹೆಂಡತಿಯ ಜೊತೆ ಹಗಲು ಹೊತ್ತಿನಲ್ಲಿ ನೆಟ್ಟಗೆ ಒಂದು ಮಾತು ಆಡಿರಲಿಲ್ಲ. ನಮ್ಮದು ಮದ್ದೂರಿಗೆ ಹತ್ತಿರದ ಹಳ್ಳಿ, ತುಂಬಿದ ಮನೆ. ಅಪ್ಪ ಜಗಲಿಯ ಮೇಲಿದ್ದರೆ ಅವ್ವ ನಡುಮನೆಯಲ್ಲಿ, ಅವ್ವ ಹಿತ್ತಲಲ್ಲಿದ್ದರೆ ಅತ್ತಿಗೆ ಒಲೆಯ ಮುಂದೆ. ಗಂಡ ಹೆಂಡತಿ ಎದುರುಬದುರು ಕೂತು ಮಾತಾಡಿದರೆ ಕಂಡವರು ನಗುತ್ತಿದ್ದ ಕಾಲ ಅದು. ಅವಳು ಮಳವಳ್ಳಿಯವಳು. ಅವಳಪ್ಪ ಅಲ್ಲಿನ ಆಸ್ಪತ್ರೆಯಲ್ಲಿ ಕಾಂಪೌಂಡರು. ಸಂಬಳದವರ ಮನೆಯ ಹುಡುಗಿ ನಮ್ಮ ಸಗಣಿ ಗಂಜಲದ ಮನೆಗೆ ಹೊಂದಿಕೊಂಡಾಳೆಯೇ ಅಂತ ನಮ್ಮವರಿಗೆ ಅನುಮಾನವಿತ್ತು. ಹೊಂದಿಕೊಂಡಳೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಕೇಳುವುದಕ್ಕೆ ಹೊತ್ತು ಸಿಕ್ಕಿರಲಿಲ್ಲ, ಸಿಕ್ಕಿದ್ದರೂ ಹೇಗೆ ಕೇಳಬೇಕೆಂದು ತಿಳಿದಿರಲಿಲ್ಲ.

ನನ್ನ ಜೀವವೆಲ್ಲ ಆಟದಲ್ಲಿತ್ತು. ಈಗ ಕಬಡ್ಡಿ ಅನ್ನುತ್ತಾರೆ, ಆಗ ನಮ್ಮ ಕಡೆ ಚೆಡುಗುಡು. ಭತ್ತದ ಒಕ್ಕಣೆ ಮುಗಿದು ಕಣ ಖಾಲಿಯಾಯಿತೆಂದರೆ ಸಂಜೆಗೆ ಗೆರೆ ಎಳೆದು ನಿಂತುಬಿಡುತ್ತಿದ್ದೆವು. ಚೆಡುಗುಡು ಚೆಡುಗುಡು ಅನ್ನುತ್ತ ಒಂದೇ ಉಸಿರಿನಲ್ಲಿ ಎದುರಾಳಿಗಳ ಕಡೆಗೆ ನುಗ್ಗಿ, ಒಬ್ಬನನ್ನಾದರೂ ಮುಟ್ಟಿ, ಉಸಿರು ಬಿಡದೆ ವಾಪಸು ಬರಬೇಕು. ನಾನು ಉದ್ದಕ್ಕೂ ಇರಲಿಲ್ಲ, ದಪ್ಪಕ್ಕೂ ಇರಲಿಲ್ಲ. ನನ್ನ ಬಲವೆಲ್ಲ ಬಲಗಾಲಿನಲ್ಲಿ. ಮುಟ್ಟಿದ ಕೂಡಲೇ ನೆಲವನ್ನು ಒದ್ದು ಹಿಂದಕ್ಕೆ ಚಿಮ್ಮಿದರೆ ಹಿಡಿಯಲು ಬಂದವರ ಕೈಗೆ ಗಾಳಿ ಸಿಗುತ್ತಿತ್ತು. ಹಾಗೆ ಚಿಮ್ಮುವಾಗ ಮೈಭಾರವೆಲ್ಲ ಕೊನೆಗೆ ಕಾಲಿನ ಹೆಬ್ಬೆರಳಿನ ಮೇಲೆ ಬೀಳುತ್ತದೆ ಅನ್ನುವುದು ಅದು ಕೆಡುವವರೆಗೂ ನನಗೆ ಗೊತ್ತಿರಲಿಲ್ಲ.

ಯುದ್ಧ ನಡೆಯುತ್ತಿದ್ದ ವರ್ಷಗಳು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮಂಡ್ಯದವರು ನಮ್ಮನ್ನು ಪಂದ್ಯಕ್ಕೆ ಕರೆದರು. ಕಾರ್ಖಾನೆಗೆ ಕಬ್ಬು ಹೊಡೆಯುವ ಗಾಡಿಗಳ ಜೊತೆಗೇ ಹೋದೆವು. ಬಯಲಿನ ನೆಲ ಕಲ್ಲಿನ ಹಾಗಿತ್ತು. ಆಟ ಬಿಸಿಯೇರಿದ ಹೊತ್ತಿನಲ್ಲಿ ನಾನು ಒಬ್ಬನನ್ನು ಮುಟ್ಟಿ ತಿರುಗಿದೆ. ಇನ್ನೊಬ್ಬ ಬಂದು ನನ್ನ ಸೊಂಟ ಹಿಡಿದ. ನನ್ನ ಬಲಗಾಲಿನ ಬೆರಳುಗಳು ನೆಲಕ್ಕೆ ಊರಿದ್ದವು, ಹಿಮ್ಮಡಿ ಮೇಲಕ್ಕೆದ್ದಿತ್ತು. ಅಷ್ಟರಲ್ಲಿ ಅವರ ಕಡೆಯ ಒಬ್ಬ ಭಾರಿ ಆಳು ಹಿಂದಿನಿಂದ ಬಂದು ನನ್ನ ಹಿಮ್ಮಡಿಯ ಮೇಲೇ ಉರುಳಿದ. ಹೆಬ್ಬೆರಳು ಹಿಂದಕ್ಕೆ ಮಡಚಿಕೊಂಡಿತು. ಹಸಿ ಕಬ್ಬಿನ ಗಿಣ್ಣು ಮುರಿದ ಹಾಗೆ ಒಳಗೇ ಲಟಕ್ಕೆಂದದ್ದು ನನಗೆ ಕೇಳಿಸಿತು.

"ಏಳ್ಲಾ, ಯಾಕ್ಲಾ ಮನಿಕ್ಕೊಂಡೆ?" ಅಂದರು ನಮ್ಮವರು.

"ಬೆರಳು ಕಣ್ಲಾ" ಅಂದೆ.

ಎಲ್ಲರೂ ನಕ್ಕರು. ಕಾಲು ಮುರಿದಿದ್ದರೆ ಎತ್ತಿಕೊಂಡು ಓಡುತ್ತಿದ್ದರು. ಬೆರಳಿಗೆ ಯಾರು ಅಳುತ್ತಾರೆ? ನಾನೂ ನಗಲು ನೋಡಿದೆ. ಎದ್ದು ಮತ್ತೆ ಆಡಲು ನಿಂತೆ. ನನ್ನ ಸರದಿ ಬಂದಾಗ ನೆಲವನ್ನು ಒದ್ದೆ ನೋಡಿ, ಪಾದದ ಅಡಿಯಲ್ಲಿ ಯಾರೋ ಕಾದ ಕಬ್ಬಿಣ ಇಟ್ಟ ಹಾಗಾಗಿ ಗೆರೆಯ ಹತ್ತಿರವೇ ಕುಸಿದು ಕೂತೆ. ಖಾಲಿ ಕಬ್ಬಿನ ಗಾಡಿಯಲ್ಲಿ ಮಲಗಿಸಿಕೊಂಡು ಊರಿಗೆ ತಂದರು.

ಬೆಳಗ್ಗೆ ಎದ್ದಾಗ ಬೆರಳಿನ ಬುಡ ಬದನೆಕಾಯಿಯ ಹಾಗೆ ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅವ್ವ ಬಿಸಿ ಹರಳೆಣ್ಣೆ ಹಚ್ಚಿ ನೀವಿದಳು, ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟಳು. ಊತ ಇನ್ನೂ ಏರಿತು. ಆಮೇಲೆ ಊರಿನ ಹಿರಿಯರೊಬ್ಬರು ಬಂದು "ಕೀಲು ತಪ್ಪದೆ, ಎಳುದ್ರೆ ಕೂತ್ಕತ್ತದೆ" ಅಂತ ಬೆರಳು ಹಿಡಿದು ಒಮ್ಮೆ ಜಗ್ಗಿದರು. ನಾನು ಕಿರುಚಿದ್ದಕ್ಕೆ ಕೊಟ್ಟಿಗೆಯಲ್ಲಿದ್ದ ಎತ್ತುಗಳು ಎದ್ದು ನಿಂತವು. ಕೀಲು ತಪ್ಪಿಯೇ ಇರಲಿಲ್ಲ, ಕೂರುವುದೆಲ್ಲಿ ಬಂತು. ಅವರು ಕೆಟ್ಟದ್ದಕ್ಕೆ ಮಾಡಿದ್ದಲ್ಲ. ಊರಲ್ಲಿ ಎಷ್ಟೋ ಜನರ ಕೈಕಾಲು ನೆಟ್ಟಗೆ ಮಾಡಿದವರು.

ಆಗ ಅವ್ವನಿಗೆ ಒಂದು ನೆನಪಾಯಿತು. ಕಾಲು ಮುಂದಾಗಿ ಹುಟ್ಟಿದವರು ತಮ್ಮ ಕಾಲಿನಿಂದ ಸವರಿದರೆ ಉಳುಕು ಬಿಡುತ್ತದೆ ಅಂತ ನಮ್ಮ ಕಡೆ ಒಂದು ನಂಬಿಕೆ. ಅವ್ವ ಒಲೆಯ ಕಡೆಗೆ ತಿರುಗಿ ನನ್ನ ಹೆಂಡತಿಯನ್ನು ಕರೆದಳು.

"ಅಮ್ಮೀ, ನೀನು ಕಾಲು ಮುಂದಾಗಿ ಉಟ್ಟಿದ್ದಂತೆ. ನಿಮ್ಮವ್ವ ಮದ್ವೇಲಿ ಏಳಿದ್ಲು. ಬಾ ಇಲ್ಲಿ, ಬೆರಳ ಮೇಲೆ ಮೆಲ್ಲಗೆ ಕಾಲಾಡ್ಸು."

ಅವಳು ಸೆರಗು ಹೊದ್ದು ಬಂದವಳು ಅಲ್ಲೇ ನಿಂತುಬಿಟ್ಟಳು. "ನಾನು ಅವ್ರನ್ನ ಕಾಲಲ್ಲಿ ಮುಟ್ಟಾಕಿಲ್ಲ ಅತ್ತೆಮ್ಮ" ಅಂದಳು. ನಮ್ಮ ಮನೆಗೆ ಬಂದ ಮೇಲೆ ಅವಳು ಅಷ್ಟು ಜೋರಾಗಿ ಆಡಿದ ಮೊದಲ ಮಾತು ಅದು.

"ಔಸ್ದಿ ಕಣಮ್ಮಿ ಇದು, ಒದೆಯಾದಲ್ಲ. ಪಾಪ ಬರಾಕಿಲ್ಲ, ನಾನೇ ಏಳ್ತಾ ಇವ್ನಿ."

"ಬ್ಯಾಡಿ ಅತ್ತೆಮ್ಮ" ಅಂದಳು, ಕಣ್ಣಲ್ಲಿ ನೀರು ತಂದುಕೊಂಡು. ಬಾಗಿಲಲ್ಲಿ ನೋಡುತ್ತಿದ್ದ ಅತ್ತಿಗೆ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನಾನು ನೋವಿನಲ್ಲೂ ಅವಳ ಮುಖವನ್ನೇ ನೋಡುತ್ತಿದ್ದೆ. ಹಗಲ ಬೆಳಕಲ್ಲಿ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಎಡಗೆನ್ನೆಯ ಮೇಲೆ ಒಂದು ಸಣ್ಣ ಮಚ್ಚೆ ಇತ್ತು.

ಅವಳು ಕಾಲಾಡಿಸಲಿಲ್ಲ. ಕೆಳಗೆ ಕೂತು ನನ್ನ ಪಾದವನ್ನು ಎರಡೂ ಕೈಯಲ್ಲಿ ಎತ್ತಿ ತನ್ನ ಮಡಿಲಿಗೆ ಇಟ್ಟುಕೊಂಡಳು. ಸ್ವಲ್ಪ ಹೊತ್ತು ನೋಡಿ, ಅವ್ವನ ಕಡೆ ತಿರುಗಿ, "ನಮ್ಮಪ್ಪ ಇಂಥದ್ದಕ್ಕೆ ಬಿಸಿ ಮುಟ್ಟಿಸಾಕಿಲ್ಲ ಅತ್ತೆಮ್ಮ, ತಣ್ಣೀರು ಆಕ್ತಾರೆ. ಮಳವಳ್ಳಿ ಆಸ್ಪತ್ರೇಲಿ ತೋರ್ಸಣ" ಅಂದಳು.

ಜಗಲಿಯಿಂದ ಅಪ್ಪ ಹೇಳಿದರು: "ಓಗ್ಲಿ ಬುಡು. ಅವ್ರ ಮನೆಗೆ ಓದಂಗೂ ಆಯ್ತದೆ."

ಮಾರನೆಯ ದಿನ ಗಾಡಿಯಲ್ಲಿ ಮದ್ದೂರಿಗೆ ಬಂದು ಮಳವಳ್ಳಿ ಬಸ್ಸು ಹತ್ತಿದೆವು. ಪೆಟ್ರೋಲು ಸಿಗದೆ ಬಸ್ಸುಗಳನ್ನು ಇದ್ದಿಲು ಉರಿಸಿ ಓಡಿಸುತ್ತಿದ್ದ ಕಾಲ. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ದೊಡ್ಡಿ ಅನ್ನುವ ಊರು ದಾಟಿದ ಮೇಲೆ ಹಾಗೇ ಆಯಿತು. ಬಸ್ಸಲ್ಲಿ ಹೆಂಗಸರು ಮಕ್ಕಳ ನಡುವೆ ನಾನೊಬ್ಬನೇ ಗಂಡಸು ಕೂತುಳಿದೆ. ಎದುರಿನ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕಪ್ಪ, ನೀನು ಇಳಿಯಾಕಿಲ್ವಾ?" ಅಂದಳು. ನಾನು ಉತ್ತರ ಹುಡುಕುವ ಮೊದಲೇ ನನ್ನ ಹೆಂಡತಿ "ಅವ್ರ ಬೆರಳು ಉಳುಕದೆ ಕಣಜ್ಜಿ" ಅಂದಳು. "ಬೆರಳಾ?" ಅಂದಳು ಮುದುಕಿ. ಇವಳಿಗೆ ನಗು ಬಂದುಬಿಟ್ಟಿತು. ಕಿಟಕಿಯ ಕಡೆ ಮುಖ ತಿರುಗಿಸಿ ಭುಜ ಕುಣಿಸಿಕೊಂಡು ನಕ್ಕಳು. ನನಗೂ ಬಂತು. ಮದುವೆಯಾದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಡಾಕ್ಟರು ಬೆಂಚಿನ ಮೇಲೆ ಕೂರಿಸಿ ನೋಡಿದರು. ನಮ್ಮ ಮಾವ ಪಕ್ಕದಲ್ಲಿ ನಿಂತಿದ್ದರು. ಡಾಕ್ಟರು ಮೊದಲು ಬೆರಳಿನ ತುದಿಯನ್ನು ಒಳಮುಖವಾಗಿ ತಟ್ಟಿದರು, ಮೂಳೆಯ ಉದ್ದಕ್ಕೂ ಒತ್ತಿದರು. ಅಲ್ಲಿ ಅಂಥ ನೋವಿರಲಿಲ್ಲ. ಆಮೇಲೆ ಪಾದವನ್ನು ಹಿಡಿದು ಬೆರಳನ್ನು ಮೆಲ್ಲಗೆ ಮೇಲಕ್ಕೆ ಎತ್ತಿದರು. ಬೆರಳಿನ ಬುಡದ ಅಡಿಯಲ್ಲಿ, ಅಂಗಾಲಿನ ಕಡೆ, ಜೀವ ಹೋದ ಹಾಗಾಯಿತು. ಎಡಗಾಲಿನ ಬೆರಳನ್ನೂ ಹಾಗೇ ಎತ್ತಿ ಎರಡನ್ನೂ ಹೋಲಿಸಿ ನೋಡಿದರು. ನಿಲ್ಲಿಸಿ ತುದಿಗಾಲಲ್ಲಿ ಏಳಲು ಹೇಳಿದರು. ಏಳಲಾಗಲಿಲ್ಲ.

"ಮೂಳೆ ಮುರಿದ ಹಾಗೆ ಕಾಣೋದಿಲ್ಲ" ಅಂದರು. "ಈ ಕೀಲಿನ ಕೆಳಗೆ ನಾರಿನ ಥರ ಒಂದು ಗಟ್ಟಿ ಪಟ್ಟಿ ಇರ್ತದೆ. ಬೆರಳು ಹಿಂದಕ್ಕೆ ಮಡಚಿದಾಗ ಅದು ಹಗ್ಗ ಹಿಂಜಿದ ಹಾಗೆ ಹಿಂಜಿಹೋಗಿದೆ. ಎಳೆಯೋದು, ನೀವೋದು, ಶಾಖ ಕೊಡೋದು ಬೇಡ. ಬೆರಳು ಮೇಲಕ್ಕೆ ಬಗ್ಗಬಾರದು, ಅಷ್ಟೇ. ತಾನಾಗೇ ಕೂಡುತ್ತೆ. ಆದರೆ ನಿಧಾನ."

"ಯಾವಾಗ ಆಡಬಹುದು ಸ್ವಾಮಿ?"

"ನೋವಿಲ್ಲದೆ ಆ ಒಂದೇ ಕಾಲಿನ ತುದಿಯಲ್ಲಿ ನಿಲ್ಲೋ ದಿನ ಬನ್ನಿ, ಹೇಳ್ತೀನಿ. ಅದಕ್ಕೆ ಮೊದಲು ಓಡಿದರೆ ಬೆರಳು ಕಟ್ಟಿಗೆ ಆಗುತ್ತೆ. ಆಮೇಲೆ ನಡೆಯೋದೂ ಕಷ್ಟ."

ಪಟ್ಟಿ ಕಟ್ಟುವ ಕೆಲಸ ಮಾವನದು. ಅಂಟುವ ಪಟ್ಟಿಯನ್ನು ಸೀಳಿ, ಹೆಬ್ಬೆರಳನ್ನು ಒಂದಿಷ್ಟು ಕೆಳಮುಖವಾಗಿ ಹಿಡಿದು, ಬುಡದ ಸುತ್ತ ತಂದು ಅಂಗಾಲಿನ ಅಡಿಗೆ ಎಳೆದು ಅಂಟಿಸಿದರು. ಪಕ್ಕದ ಬೆರಳಿಗೂ ಜೊತೆ ಮಾಡಿ ಕಟ್ಟಿದರು, ನಡುವೆ ಹತ್ತಿ ಇಟ್ಟು. ಮಾವ ಕಟ್ಟುತ್ತ ಹೇಳುತ್ತಿದ್ದುದು ನನಗಲ್ಲ, ಮಗಳಿಗೆ. "ನೋಡವ್ವ, ಉಗುರು ನೀಲಿ ಆದ್ರೆ ಬಿಗಿ ಜಾಸ್ತಿ ಆಯ್ತು ಅಂತ. ಬಿಚ್ಚಿ ಮತ್ತೆ ಕಟ್ಟು. ಅಂಟುಪಟ್ಟಿ ಮುಗುದ್ರೆ ಸೀರೆ ಅಂಚು ಸಾಕು." ಅವಳು ಅಪ್ಪನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಮಾವ ನನ್ನನ್ನು ಚಮ್ಮಾರರ ಹತ್ತಿರ ಕಳಿಸಿ, ಮುಂದಿನ ಕಡೆ ಬಗ್ಗದ ಹಾಗೆ ಒಳಗೆ ದಪ್ಪ ತೊಗಲು ಕೊಟ್ಟು ಒಂದು ಜೊತೆ ಮೆಟ್ಟು ಹೊಲಿಸಿಕೊಟ್ಟರು. ನಡೆದರೆ ಮರದ ಹಲಗೆಯ ಮೇಲೆ ನಡೆದ ಹಾಗೆ ಟಪ್ ಟಪ್ ಅನ್ನುತ್ತಿತ್ತು.

ಊರಿಗೆ ಬಂದ ಮೇಲೆ ನನ್ನ ಬದುಕು ಬದಲಾಯಿತು. ಗದ್ದೆ ಕೆಲಸಕ್ಕೆ ಹೋಗುವ ಹಾಗಿಲ್ಲ, ಕಾಲು ಎತ್ತರಕ್ಕಿಟ್ಟು ಪಡಸಾಲೆಯಲ್ಲಿ ಕೂರಬೇಕು. ದಿನವೂ ಬೆಳಗ್ಗೆ ಅವಳು ಬಾವಿಯ ತಣ್ಣೀರನ್ನು ಬೋಗುಣಿಯಲ್ಲಿ ತಂದು ನನ್ನ ಪಾದ ಮುಳುಗಿಸಿ, ಒರೆಸಿ, ಪಟ್ಟಿ ಕಟ್ಟುತ್ತಿದ್ದಳು. ಔಷಧಿಯ ಕೆಲಸ, ಹೀಗಾಗಿ ಯಾರೂ ಏನೂ ಅನ್ನುವ ಹಾಗಿರಲಿಲ್ಲ. ಕಟ್ಟುವುದಕ್ಕೆ ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದಳು ಅಂತ ಆಮೇಲೆ ನನಗೆ ಹೊಳೆಯಿತು. ಬಿಚ್ಚುವುದು, "ಬಿಗಿಯಾಯ್ತಾ?" ಅನ್ನುವುದು, ಮತ್ತೆ ಕಟ್ಟುವುದು. ನಾನೂ ಬಿಗಿಯಿಲ್ಲದಿದ್ದರೂ ಬಿಗಿ ಅನ್ನುತ್ತಿದ್ದೆ.

ಹಾಗೆ ನಮಗೆ ಮಾತು ಬಂತು. ಅವಳು ಹುಟ್ಟಿದಾಗ ಕಾಲು ಮುಂದಾಗಿದ್ದಕ್ಕೆ ಸೂಲಗಿತ್ತಿ ಹೆದರಿದ್ದು, ಮಳವಳ್ಳಿಯಲ್ಲಿ ಬೆನ್ನು ಹಿಡಿದುಕೊಂಡವರೆಲ್ಲ ಚಿಕ್ಕಂದಿನಲ್ಲಿ ಅವಳ ಕಾಲಿಗಾಗಿ ಮನೆಬಾಗಿಲಿಗೆ ಬರುತ್ತಿದ್ದದ್ದು, ಒಬ್ಬ ಮುದುಕರು ತುಳಿಸಿಕೊಂಡು ಹೋಗುವಾಗ ಬೆಲ್ಲದಚ್ಚು ಕೊಟ್ಟದ್ದು ಹೇಳಿದಳು.

"ಅವ್ರಿಗೆ ವಾಸಿ ಆಗ್ತಿತ್ತಾ?" ಅಂದೆ.

"ಆಯ್ತು ಅಂತಿದ್ರು. ನಾನು ಬೆಲ್ಲ ತಿಂತಿದ್ದೆ."

"ನನ್ನ ಯಾಕೆ ತುಳೀಲಿಲ್ಲ ಮತ್ತೆ?"

ಅವಳು ಪಟ್ಟಿಯ ತುದಿ ಒತ್ತುತ್ತ ತಲೆ ಎತ್ತದೆ ಹೇಳಿದಳು: "ತುಳಿದಿದ್ರೆ ಅತ್ತೆಮ್ಮ ಅಲ್ಲಿಗೇ ಮುಗಿಸಿಬುಡೋರು. ನಾಳೆ ನಾಡಿದ್ದು ಎಲ್ಲ ಯಾರು ಕೂರುಸ್ತಿದ್ರು ನನ್ನ ಇಲ್ಲಿ?"

ಊತ ಇಳಿದ ಮೇಲೆ ಬೆರಳಿಗೆ ಕೆಲಸ ಕೊಡಬೇಕು ಅಂತ ಮಾವ ಹೇಳಿಕಳಿಸಿದರು. ಬಟ್ಟೆಯ ತುಂಡನ್ನು ನೆಲದ ಮೇಲೆ ಹಾಸಿ ಬೆರಳುಗಳಿಂದಲೇ ಮುದುರಿ ಎಳೆದುಕೊಳ್ಳುವುದು, ಹುಣಸೆ ಬೀಜವನ್ನು ಕಾಲ್ಬೆರಳಲ್ಲಿ ಹಿಡಿದು ಬಟ್ಟಲಿಗೆ ಹಾಕುವುದು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅವಳೂ ಎದುರಿಗೆ ಕೂತು ತನ್ನ ಕಾಲಲ್ಲಿ ಬೀಜ ಹೆಕ್ಕತೊಡಗಿದಳು. ಪಂದ್ಯವೇ ಆಯಿತು. ಊರಿಗೆ ಹೆಸರಾದ ಆಟಗಾರ ನಾನು, ಸೋತುಹೋದೆ. ಅವ್ವ ಹಿತ್ತಲಿಂದ ಬಂದು ಚೆಲ್ಲಾಡಿದ ಬೀಜಗಳನ್ನೂ ನಮ್ಮನ್ನೂ ನೋಡಿ, "ಇದೇನ್ಲಾ ಮಕ್ಕಳಾಟ" ಅಂದು ಒಳಗೆ ಹೋದಳು. ಆದರೆ ಅವತ್ತಿಂದ ಅವ್ವ ಬೆಳಗಿನ ಹೊತ್ತು ಪಡಸಾಲೆಯ ಕಡೆ ಬರುವುದನ್ನು ಕಡಿಮೆ ಮಾಡಿದಳು.

ಮೊದಲು ನಡಿಗೆ, ಆಮೇಲೆ ಗದ್ದೆಯ ಬದುವಿನ ಮೇಲೆ ನೆಟ್ಟಗೆ ಮೆಲ್ಲನೆ ಓಟ, ಅದು ನೋಯದಿದ್ದರೆ ಜೋರಾಗಿ ಓಟ. ಕೊನೆಗೆ ಚಿಮ್ಮುವುದು, ಪಕ್ಕಕ್ಕೆ ತಿರುಗುವುದು. ಒಂದು ಹಂತದಲ್ಲಿ ನೋವು ಕಂಡರೆ ಹಿಂದಿನ ಹಂತಕ್ಕೆ ವಾಪಸು. ನನಗೆ ತಾಳ್ಮೆ ಇರಲಿಲ್ಲ. ಅವಳಿಗಿತ್ತು. ದಿನವೂ ಗೋಡೆಗೆ ಕೈಕೊಟ್ಟು ನಿಲ್ಲಿಸಿ, "ಎದ್ದೇಳಿ" ಅನ್ನುವಳು. ನಾನು ಬಲಗಾಲಿನ ತುದಿಯಲ್ಲಿ ಏಳುತ್ತಿದ್ದೆ. ಅವಳು ನನ್ನ ಪಾದವನ್ನಲ್ಲ, ಮುಖವನ್ನು ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿದರೆ "ಇಳೀರಿ, ಇನ್ನೂ ಇಲ್ಲ" ಅನ್ನುವಳು. ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ದಿನ ನನ್ನ ಮುಖ ಗಂಟಿಕ್ಕಲಿಲ್ಲ. ಅವಳು ಪಟ್ಟಿಯ ಸುರುಳಿಯನ್ನು ಸುತ್ತಿ ಗೂಡಿನಲ್ಲಿಟ್ಟಳು. ಅವಳಿಗೆ ಸಂತೋಷವಾಯಿತೋ ಬೇಸರವಾಯಿತೋ ನನಗೆ ತಿಳಿಯಲಿಲ್ಲ. ನನಗೆ ಮಾತ್ರ ಎರಡೂ ಆಯಿತು.

ಮುಂದಿನ ಪಂದ್ಯ ನಮ್ಮೂರಿನ ಬಯಲಲ್ಲೇ ನಡೆಯಿತು. ಹೆಂಗಸರು ಬಣವೆಗಳ ಮರೆಯಲ್ಲಿ ಗುಂಪಾಗಿ ನಿಂತು ನೋಡುತ್ತಿದ್ದರು. ಆಟಕ್ಕೆ ಮುಂಚೆ ಪಟ್ಟಿಯನ್ನು ಅವಳೇ ಕಟ್ಟಿದ್ದಳು. ಅವತ್ತು ನಾನು ಚೆನ್ನಾಗಿ ಆಡಿದೆ. ನೆಲ ಒದ್ದಾಗ ಬೆರಳು ನನ್ನ ಮಾತು ಕೇಳಿತು. ಗೆದ್ದ ಮೇಲೆ ಹುಡುಗರು ಹೆಗಲ ಮೇಲೆ ಹೊತ್ತು ಕುಣಿದರು. ಮನೆಗೆ ಬಂದಾಗ ಅವಳು ಕಾಲಿಗೆ ನೀರು ಕೊಡುತ್ತ ಕೇಳಿದ್ದು ಒಂದೇ: "ನೋಯ್ತಾ?"

"ಇಲ್ಲ ಕಣೆ."

"ಹಂಗಾರೆ ಸರಿ." ಆಮೇಲೆ, ಯಾರಿಗೂ ಕೇಳಿಸದ ಹಾಗೆ, ತಾನು ಬಸುರಿ ಅಂತ ಹೇಳಿದಳು.

ಕೆಲವು ವರ್ಷಗಳ ಹಿಂದೆ ನಾಲೆಯ ನೀರು ನಮ್ಮ ಕಡೆಗೆ ಬಂದ ಮೇಲೆ ಒಣಭೂಮಿಯೆಲ್ಲ ಕಬ್ಬು ಭತ್ತವಾಗಿ ಜನ ಹೊಟ್ಟೆತುಂಬ ಉಂಡರು. ಅದರ ಹಿಂದೆಯೇ ಸೊಳ್ಳೆಯೂ ಬಂತು, ಚಳಿಜ್ವರವೂ ಬಂತು. ಆ ವರ್ಷವೂ ಮಳೆ ನಿಂತ ಮೇಲೆ ಮನೆಮನೆಯಲ್ಲೂ ಕಂಬಳಿ ಹೊದ್ದು ನಡುಗುವವರೇ. ನಾನೂ ಎಷ್ಟೋ ಸಲ ನಡುಗಿ ಎದ್ದವನು. ಮಳವಳ್ಳಿಯಲ್ಲಿ ಬೆಳೆದ ಅವಳ ಮೈಗೆ ಆ ಜ್ವರ ಹೊಸದು. ದಿನ ಬಿಟ್ಟು ದಿನ ಬರುತ್ತಿತ್ತು. ಬಂದಾಗ ಹಲ್ಲು ಕಟಕಟ ಅನ್ನುವಂತೆ ನಡುಗುವಳು, ಬಿಟ್ಟಾಗ ಎದ್ದು ರಾಗಿ ಬೀಸಲು ಕೂರುವಳು. ಅವ್ವ ಬೀಸುಕಲ್ಲಿನಿಂದ ಅವಳ ಕೈ ಬಿಡಿಸಿ, "ಓಗಿ ಮನಿಕ್ಕೊ ನನ್ನವ್ವ" ಅನ್ನುತ್ತಿದ್ದಳು. ಒಂದೇ ತಿಂಗಳಲ್ಲಿ ಬಳೆಗಳು ಮೊಣಕೈಯವರೆಗೆ ಜಾರುವಷ್ಟು ಇಳಿದುಹೋದಳು.

ಮಾವ ಬಂದು ನೋಡಿದರು. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ಹೊಟ್ಟೆಯ ಎಡಗಡೆ ಒತ್ತಿ ನೋಡಿ ಹೊರಗೆ ಬಂದರು. ನಾನು ಹಿಂದೆಯೇ ಹೋದೆ.

"ಕ್ವಿನೈನು ಬೇಕು ಅಳಿಯಂದ್ರೇ" ಅಂದರು. "ಜಾವಾ ಕಡೆಯಿಂದ ಬರಬೇಕಿತ್ತು, ಅಲ್ಲಿ ಜಪಾನಿನವರು ಕೂತಿದಾರೆ. ದೊಡ್ಡ ದೊಡ್ಡ ಊರಲ್ಲೇ ಸಿಗ್ತಾ ಇಲ್ಲ. ನಾನು ಹುಡುಕ್ತೀನಿ. ಅವಳನ್ನ ಮಳವಳ್ಳಿಗೆ ಕರ್ಕೊಂಡು ಹೋಗ್ತೀನಿ."

ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿದೆವು. ಅವ್ವ ಮಡಿಲಿಗೆ ಅಕ್ಕಿ ಬೆಲ್ಲ ಹಾಕಿ ಕಳಿಸಿದಳು, ಹೆರಿಗೆಗೆ ಕಳಿಸುವ ಹಾಗೆಯೇ.

ಹುಡುಕಿದೆವು. ಮಾವ ತಮಗೆ ಗೊತ್ತಿದ್ದವರನ್ನೆಲ್ಲ ಕೇಳಿದರು. ನಾನು ಮಂಡ್ಯದಲ್ಲಿ ಔಷಧಿ ಅಂಗಡಿ ಅಂಗಡಿ ತಿರುಗಿದೆ. ಜಲಪಾತದ ಹತ್ತಿರ ಬ್ಲಫ್ ಅನ್ನುವ ಊರಲ್ಲಿ ಕರೆಂಟು ಕೇಂದ್ರದ ನೌಕರರ ಹತ್ತಿರ ಇರಬಹುದು ಅಂದರು, ಅಲ್ಲಿಗೂ ನಡೆದುಹೋದೆ. ಒಬ್ಬ ಪುಣ್ಯಾತ್ಮರು ತಮ್ಮ ಮನೆಗೆ ಅಂತ ಇಟ್ಟುಕೊಂಡಿದ್ದ ಒಂದಿಷ್ಟು ಗುಳಿಗೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಅದನ್ನು ಅಂಗಿಯ ಒಳಗೆ ಎದೆಗೆ ಒತ್ತಿಕೊಂಡು ಬಂದೆ. ಅದರಿಂದ ಕೆಲವು ದಿನ ಜ್ವರ ಇಳಿಯಿತು. ಗಂಜಿ ಕುಡಿದಳು, ದಿಂಬಿಗೆ ಒರಗಿ ಕೂತಳು. ಗುಳಿಗೆ ಮುಗಿಯಿತು, ಜ್ವರ ಮತ್ತೆ ಬಂತು. ಆ ಜ್ವರದಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು.

ಅದಾದ ಮೇಲೆ ಅವಳು ಮಂಚ ಬಿಟ್ಟು ಏಳಲಿಲ್ಲ. ನಾನು ಮಂಚದ ಪಕ್ಕದಲ್ಲಿ ಕೂತಿರುತ್ತಿದ್ದೆ. ಅವಳ ಅವ್ವ, ನಮ್ಮ ಅತ್ತೆ, ಒದ್ದೆ ಬಟ್ಟೆ ಹಿಂಡಿ ಹಣೆಗೆ ಹಾಕುವರು. ಮಾವ ಆಸ್ಪತ್ರೆಯಿಂದ ಬಂದು ನಾಡಿ ನೋಡಿ ಮತ್ತೆ ಹೋಗುವರು. ಒಂದು ಮಧ್ಯಾಹ್ನ ಎಚ್ಚರವಾಗಿ ನನ್ನನ್ನು ನೋಡಿದಳು. ಬಿಸಿಲು ಕಿಟಕಿಯಿಂದ ಅವಳ ಹಾಸಿಗೆಯ ಮೇಲೆ ಬಿದ್ದಿತ್ತು.

"ಆಟಕ್ಕೆ ಓಯ್ತಾ ಇದ್ದೀರಾ?"

"ಇಲ್ಲ."

"ಬೆರಳು?"

"ಚೆನ್ನಾಗದೆ."

"ಎಲ್ಲಿ, ಎದ್ದೇಳಿ ನೋಡಣ."

ಅತ್ತೆ ಅಲ್ಲೇ ಇದ್ದರು. ನಾನು ಎದ್ದು ಗೋಡೆಗೆ ಕೈಕೊಟ್ಟು ಬಲಗಾಲಿನ ತುದಿಯಲ್ಲಿ ನಿಂತೆ. ಅವಳು ದಿಂಬಿನ ಮೇಲೆ ತಲೆ ಹೊರಳಿಸಿ ನನ್ನ ಮುಖವನ್ನೇ ನೋಡಿದಳು, ಯಾವಾಗಲೂ ನೋಡುವ ಹಾಗೆ. ನಾನು ಮುಖ ಗಂಟಿಕ್ಕಬಾರದು ಅಂತ ಎಷ್ಟು ಪಾಡುಪಟ್ಟೆನೋ ದೇವರಿಗೇ ಗೊತ್ತು. ಬೆರಳು ನೋಯುತ್ತಿರಲಿಲ್ಲ. "ಸರಿ, ಇಳೀರಿ" ಅಂದು ಕಣ್ಣು ಮುಚ್ಚಿಕೊಂಡಳು. ಅತ್ತೆ ಎದ್ದು ಹಿತ್ತಲಿಗೆ ಹೋದರು.

ಆಮೇಲೆ ಜ್ವರ ತಲೆಗೇರಿತು. ಯಾರನ್ನೂ ಗುರುತಿಸಲಿಲ್ಲ. ಎರಡು ದಿನ ಹಾಗೇ ಇದ್ದು ಒಂದು ಬೆಳಗ್ಗೆ, ಮಾವ ಆಸ್ಪತ್ರೆಗೆ ಹೊರಡಲು ಕೋಟು ಹಾಕಿಕೊಳ್ಳುತ್ತಿದ್ದಾಗ, ಹೋಗಿಬಿಟ್ಟಳು. ಮಾವ ಒಂದು ತೋಳು ಕೋಟಿನ ಒಳಗೆ, ಒಂದು ತೋಳು ಹೊರಗೆ, ಹಾಗೇ ಬಂದು ನಾಡಿ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ನಾನೇ ಅವರ ಕೈ ಬಿಡಿಸಿದೆ.

ಊರಿಗೆ ಬಂದ ಮೇಲೆ ನಾನು ಕೆಲಸಕ್ಕೆ ಹೋದೆ, ಉಂಡೆ, ಮಲಗಿದೆ. ಅಳಲಿಲ್ಲ. ಅವ್ವ ಅದಕ್ಕೇ ಹೆದರಿದ್ದಳು. "ಅತ್ತುಬುಡ್ಲಾ ಮಗ" ಅನ್ನುತ್ತಿದ್ದಳು. ಅಳು ಬರಲಿಲ್ಲ. ಬೇಸಗೆ ಬಂತು. ನಮ್ಮ ತಂಡದವರು ಮನೆಗೆ ಬಂದು, "ಬಾರ್ಲಾ, ಒಸಿ ಮನಸ್ಸು ಬೇರೆ ಕಡೆ ಓಯ್ತದೆ" ಅಂತ ಬಲವಂತ ಮಾಡಿ ಮಂಡ್ಯಕ್ಕೆ ಕರೆದುಕೊಂಡು ಹೋದರು. ನಾನೇ ಬೆರಳಿಗೆ ಪಟ್ಟಿ ಕಟ್ಟಿಕೊಂಡೆ. ಚೆನ್ನಾಗಿ ಕಟ್ಟಿಕೊಂಡೆ.

ನನ್ನ ಸರದಿ ಬಂತು. ಗೆರೆ ದಾಟಿ ಚೆಡುಗುಡು ಚೆಡುಗುಡು ಅನ್ನುತ್ತ ಎದುರಾಳಿಗಳ ನಡುವೆ ನುಗ್ಗಿದೆ. ಕಾಲು ಸರಿಯಾಗಿತ್ತು, ಮೈ ಹಗುರವಾಗಿತ್ತು. ಒಬ್ಬನ ಹತ್ತಿರ ಹತ್ತಿರ ಹೋದೆ. ಅಲ್ಲಿ ನನ್ನ ಸೊಲ್ಲು ನಡುಗಿತು. ಎಳೆದು ನಿಲ್ಲಿಸಲು ನೋಡಿದೆ. ಆಗಲಿಲ್ಲ. ಉಸಿರು ಮುರಿಯಿತು, ಮುರಿದ ಉಸಿರಿನ ಹಿಂದೆ ಅಷ್ಟು ತಿಂಗಳ ಅಳುವೆಲ್ಲ ಒಂದೇ ಸಲ ಹೊರಟಿತು. ಬಯಲಿನ ನಡುವೆ, ಅಷ್ಟು ಜನರ ಮುಂದೆ, ನಿಂತಲ್ಲೇ ನಿಂತು ಅತ್ತೆ.

ಉಸಿರು ಬಿಟ್ಟವನನ್ನು ಹಿಡಿದು ಕೆಡಹುವುದು ಆಟದ ಧರ್ಮ. ಯಾರೂ ಹಿಡಿಯಲಿಲ್ಲ. ಹಿಂದಿನ ವರ್ಷ ನನ್ನ ಹಿಮ್ಮಡಿಯ ಮೇಲೆ ಬಿದ್ದಿದ್ದ ಆ ಭಾರಿ ಆಳೇ ಬಂದು ನನ್ನ ಹೆಗಲ ಮೇಲೆ ಕೈಹಾಕಿದ. ಅವನಿಗೆ ನನ್ನ ಮನೆಯ ಸುದ್ದಿ ಯಾರು ಹೇಳಿದ್ದರೋ. "ಬಾರಣ್ಣ, ಕುಂತ್ಕೊ ಬಾ" ಅಂತ ಗೆರೆಯವರೆಗೆ ನಡೆಸಿಕೊಂಡು ಬಂದು ನಮ್ಮವರ ಕೈಗೆ ಒಪ್ಪಿಸಿದ. ಅದಾದ ಮೇಲೆ ನಾನು ಆಡಲಿಲ್ಲ.

ಆಟದವರ ಸಂಗ ಮಾತ್ರ ಬಿಡಲಿಲ್ಲ. ಯಾರಾದರೂ ಬೆರಳು ಹಿಡಿದುಕೊಂಡು ಕೂತರೆ, ಉಳಿದವರು ನಗುವ ಮೊದಲೇ ನಾನು ಎದ್ದುಹೋಗುತ್ತಿದ್ದೆ. ತುದಿಯಿಂದ ತಟ್ಟಿ ನೋಡುವುದು, ಬುಡದ ಅಡಿಯಲ್ಲಿ ಒತ್ತುವುದು, ಮೂಳೆಯಲ್ಲಿ ನೋವಿದ್ದರೆ ತಡಮಾಡದೆ ಆಸ್ಪತ್ರೆಗೆ ಕಳಿಸುವುದು, ಇಲ್ಲದಿದ್ದರೆ ತಣ್ಣೀರು, ಪಟ್ಟಿ, ಬಗ್ಗದ ಮೆಟ್ಟು. "ಬೆರಳು ತಾನೆ ಅಂದ್ಕೋಬ್ಯಾಡ ಕಣ್ಲಾ" ಅಂತ ಎಷ್ಟು ಜನಕ್ಕೆ ಹೇಳಿದ್ದೆನೋ. ಕೆಲವರು ಕೇಳಿ ವಾಸಿಯಾದರು, ಕೆಲವರು ಕೇಳದೆ ಕುಂಟಿದರು. ಪಟ್ಟಿ ಕಟ್ಟುವಾಗ ನನ್ನ ಕೈ ಮಾವನ ಕೈಯ ಹಾಗೆ ಹೋಗುತ್ತದೆ ಅಂತ ಅವ್ವ ಒಂದು ಸಲ ಅಂದಳು. ಸೊಸೆಯ ಕೈಯ ಹಾಗೆ ಅನ್ನಲು ಹೊರಟು ಮಾತು ತಿರುಗಿಸಿದಳು ಅಂತ ನನಗೆ ಅನ್ನಿಸಿತು.

ಮತ್ತೊಂದು ಮದುವೆಗೆ ಮನೆಯವರು ಹೇಳುತ್ತಲೇ ಇದ್ದರು. ನಾನು ಒಪ್ಪಿರಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ಮಾವ ಒಂದು ಬೆಳಗ್ಗೆ ಬಸ್ಸಿಳಿದು ನಮ್ಮ ಊರಿಗೆ ನಡೆದುಬಂದರು. ತಲೆಯೆಲ್ಲ ನರೆತಿತ್ತು. ಜಗಲಿಯ ಮೇಲೆ ಕೂತು ನೀರು ಕುಡಿದು ನನ್ನನ್ನು ಕರೆದರು.

"ಮಂಡ್ಯದಲ್ಲಿ ನಮಗೆ ದೂರದ ನಂಟರ ಮನೇಲಿ ಒಂದು ಹೆಣ್ಣಿದೆ. ನಾನು ಹೋಗಿ ನೋಡಿ ಬಂದೆ. ಒಳ್ಳೇ ಹುಡುಗಿ."

"ನೀವು ಯಾಕೆ ಮಾವ ಇದಕ್ಕೆಲ್ಲ..." ಅಂದೆ.

"ಬೇರೆ ಯಾರಾದ್ರೂ ತಂದಿದ್ರೆ ನೀವು ಬೇಡ ಅಂತಿದ್ರಿ" ಅಂದರು. "ಅವಳಿದ್ದಿದ್ರೆ ನಿಮ್ಮನ್ನ ಹೀಗೆ ಬಿಡ್ತಾ ಇರಲಿಲ್ಲ. ನಮ್ಮ ಮನೇಲೂ ಇದೇ ಮಾತು ಹೇಳಿ ಕಳಿಸಿದಾರೆ."

ಅವರು ನನ್ನ ಉತ್ತರಕ್ಕೆ ಕಾಯುತ್ತ ಅಲ್ಲೇ ಕೂತಿದ್ದರು. ಬಿಸಿಲು ಜಗಲಿಗೆ ಏರಿತು. ಕೊನೆಗೆ ಆಗಲಿ ಅಂದೆ.

ಮದುವೆ ನಮ್ಮ ಮನೆಯ ಮುಂದೆಯೇ ಚಪ್ಪರ ಹಾಕಿ ನಡೆಯಿತು. ಮಳವಳ್ಳಿಯ ಮಾವ ಅತ್ತೆ ಇಬ್ಬರೂ ಹಿಂದಿನ ದಿನವೇ ಬಂದಿದ್ದರು. ಧಾರೆಯ ಹೊತ್ತಿನಲ್ಲಿ ಅತ್ತೆ ಕಾಣಲಿಲ್ಲ. ಹಿತ್ತಲಿನ ಅಡುಗೆ ಒಲೆಗಳ ಹತ್ತಿರ, ಹೊಗೆಯ ಮರೆಯಲ್ಲಿ ಕೂತಿದ್ದಾರೆ ಅಂತ ಅತ್ತಿಗೆ ಬಂದು ಅವ್ವನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಅವ್ವ ಎದ್ದುಹೋದಳು. ಇಬ್ಬರೂ ಬಹಳ ಹೊತ್ತು ಬರಲಿಲ್ಲ.

ಊಟಕ್ಕೆ ಎಲೆ ಹಾಕಿದರು. ನನ್ನನ್ನೂ ಹೊಸ ಹೆಂಡತಿಯನ್ನೂ ಪಕ್ಕಪಕ್ಕದಲ್ಲಿ ಕೂರಿಸಿದರು. ಆಗ ಅತ್ತೆ ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಪಾಯಸದ ಪಾತ್ರೆ ಹಿಡಿದು ಹೊರಗೆ ಬಂದರು. ಮೊದಲು ಅವಳ ಎಲೆಗೆ ಬಡಿಸಿದರು. "ಸಂಕೋಚ ಮಾಡ್ಕೋಬ್ಯಾಡ ಕಣಮ್ಮ, ಹೊಟ್ಟೆತುಂಬ ಉಣ್ಣು" ಅಂದರು. ಆಮೇಲೆ ನನ್ನ ಎಲೆಗೆ ಬಡಿಸಿ ಮುಂದಿನ ಎಲೆಗೆ ಹೋದರು.